ಬಾಹ್ಯಾಕಾಶದ ಬನ್ನಿಯನ್ನು ಹುಡುಕಿಕೊಂಡು

ಮೀನಂಬಾಕ್ಕಂ

ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಆರು ಗಂಟೆ, ಚೆನ್ನೈನ ಮೀನಂಬಾಕ್ಕಂ ವಿಮಾನ ನಿಲ್ದಾಣದ ಹೊರಬಾಗಿಲು. ಹಾಜರಿದ್ದವರು ನಾನು ಮತ್ತು ನಮ್ಮ ಕನ್ನಡ ಸಮಾಜದ ಅಧ್ಯಕ್ಷರಾದ ಬಸವರಾಜು. ಅವರನ್ನು ನಾನು ಬರಹೇಳಿರಲಿಲ್ಲ. ಹಾರ ಹಿಡಿದುಕೊಂಡು ಬಂದಿದ್ದರು. ಹಾರವನ್ನು ಬರುವವರಿಗೆ ಹಾಕುತ್ತಾರೆ, ಹೋಗುವವರಿಗಲ್ಲ ಎಂದು ಹೇಳಿ ವಾಪಸು ಕೊಟ್ಟೆ.

"ಸಿಸ್ಟರಮ್ಮಾ, ಚಿಂತಿ ಬ್ಯಾಡ, ಒಂದೂ ಕವಲೆ ಪಡಬ್ಯಾಡ್ರಿ," ಎಂದರು. ಗದಗಿನ ಕಡೆಯ ಮನೆತನವಾದರೂ ಅವರು ಹುಟ್ಟಿ ಬೆಳೆದದ್ದು ಚೆನ್ನೈನಲ್ಲಿ. ಕನ್ನಡಕ್ಕೆ ತಮಿಳು ಬೆರೆಸದೆ ಅವರ ಒಂದು ವಾಕ್ಯವೂ ಮುಗಿಯುವುದಿಲ್ಲ. "ಬ್ಯಾನರ್ ಅಡಿಚ್ಚಾಚ್, ಪ್ರಿಂಟ್ ಆಗೇಬಿಟ್ಟದ. 'ಬಾಹ್ಯಾಕಾಶ ಸುತ್ತಿ ಬಂದ ಬನ್ನಿ' ಅಂತ ದಪ್ಪ ಅಕ್ಷರದಾಗ. ಕೆಳಗ ಗಿರಿಜಕ್ಕನ ಫೋಟೋ. ನೀವು ಬೀಜ ಮಾತ್ರ ಪತ್ತಿರಮಾ, ಜ್ವಾಕಿಲೆ ತಗೊಂಡ್ ಬರ್ರಿ."

"ಬೀಜ ನೋಡೋಕಿಂತ ಮುಂಚೆ ಬ್ಯಾನರ್ ಯಾಕ ಮಾಡಿಸಿದ್ರಿ?"

"ದಸರಾ ಟೈಮಿಗೆ ಪ್ರೆಸ್ಸಿನವ್ರು ಸಿಗೂದಿಲ್ರಿ."

ವಿಷಯ ಇಷ್ಟು. ಕೀಲ್ಪಾಕ್‌ನಲ್ಲಿರುವ ನಮ್ಮ ಸಮಾಜದ ಕಟ್ಟಡದ ಮುಂದೆ ಒಂದು ಬನ್ನಿ ಮರವಿತ್ತು. ವಿಜಯದಶಮಿಯ ಸಂಜೆ ಊರಿನ ಕಡೆಯವರೆಲ್ಲ ಅಲ್ಲಿ ಸೇರಿ, ಅದರ ಎಲೆ ಕಿತ್ತು ಒಬ್ಬರಿಗೊಬ್ಬರು ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಹೇಳಿ ಹಿರಿಯರ ಕಾಲು ಮುಟ್ಟುತ್ತಿದ್ದೆವು. ಮುಳ್ಳಿನ ಮರ. ಪ್ರತಿ ವರ್ಷ ಯಾರಿಗಾದರೂ ಚುಚ್ಚಿ ರಕ್ತ ಬರುತ್ತಿತ್ತು, ಅದಕ್ಕಾಗಿ ನಾನು ಕೈಚೀಲದಲ್ಲಿ ಹತ್ತಿ, ಪಟ್ಟಿ, ಟಿಂಕ್ಚರ್ ಇಟ್ಟುಕೊಂಡೇ ಹೋಗುತ್ತಿದ್ದೆ. ಕಳೆದ ಚಂಡಮಾರುತದಲ್ಲಿ ಆ ಮರ ಬುಡಸಮೇತ ವಾಲಿತು, ಕಡಿಸಬೇಕಾಯಿತು.

ಆಗ ಅಲ್ ಐನ್‌ನಿಂದ ನನ್ನ ತಂಗಿ ಗಿರಿಜೆಯ ಫೋನ್ ಅಧ್ಯಕ್ಷರಿಗೆ ಬಂತು. ಮೂವತ್ತು ವರ್ಷದಿಂದ ಅವಳು ಅರಬರ ನಾಡಿನ ಆ ಊರಿನಲ್ಲಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಳೆ. ಈ ದಸರಾಕ್ಕೆ ನಿವೃತ್ತಿಯಾಗಿ ಗಂಡನೊಡನೆ ಚೆನ್ನೈಗೆ ಬಂದು ನನ್ನ ಮನೆಯ ಮಹಡಿಯಲ್ಲಿ ನೆಲೆಸುವವಳು. ಆ ದೇಶದಿಂದ ಬಾಹ್ಯಾಕಾಶಕ್ಕೆ ಹೋದ ಮೊದಲ ವ್ಯಕ್ತಿ ತನ್ನ ಜೊತೆ ಒಂದು ಮರದ ಬೀಜ ಒಯ್ದಿದ್ದನಂತೆ, ಅರಬರು ಅದನ್ನು ಗಾಫ್ ಎನ್ನುತ್ತಾರಂತೆ, ಅದು ನಮ್ಮ ಬನ್ನಿಯೇ ಅಂತೆ, ಹಾಗೆ ಮೇಲೆ ಹೋಗಿ ಬಂದ ಬೀಜ ತನ್ನ ಹತ್ತಿರ ಇದೆಯಂತೆ. ಒಂದೇ ಸುದ್ದಿಯಲ್ಲಿ ಇಷ್ಟು 'ಅಂತೆ' ಬಂದರೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ.

ನಾನು ಆಸ್ಪತ್ರೆಯಲ್ಲಿ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು. ಚೀಟಿ ಇಲ್ಲದ ಬಾಟಲಿಯನ್ನು ಮೂಸಿ ನೋಡಿ ಚೆಲ್ಲಿಸುವುದು ನನ್ನ ತರಬೇತಿಯ ಮೊದಲ ವಾರದ ಪಾಠ. ಬೀಜವನ್ನು ಗಿರಿಜೆಗೆ ಕೊಟ್ಟವರು ಉಮ್ಮ್ ಸೈಫ್ ಎಂಬ ಅರಬ್ ಹೆಂಗಸು, ಅವಳ ಶಾಲೆಯ ಹಳೆಯ ಮುಖ್ಯೋಪಾಧ್ಯಾಯಿನಿ. ಅವರ ಮೊಮ್ಮಕ್ಕಳಿಗೆ ಗಿರಿಜೆ ಪುಕ್ಕಟೆ ಗಣಿತ ಹೇಳಿಕೊಡುತ್ತಾಳೆ ಎಂದು ತಿಳಿದ ಮೇಲೆ ನನಗೆ ಎಲ್ಲ ಸ್ಪಷ್ಟವಾಯಿತು. ಸರ್ಕಾರವೇ ಜೋಪಾನ ಮಾಡುವ ಬೀಜ ಒಬ್ಬ ಟೀಚರಮ್ಮನ ಅಡುಗೆಮನೆಗೆ ಹೇಗೆ ಬಂದೀತು? ನನ್ನ ತಂಗಿಗೆ ಯಾರೋ ಮೋಸ ಮಾಡುತ್ತಿದ್ದಾರೆ. ದಸರಾ ದಿನ ಯಾರಾದರೂ ಓದಿಕೊಂಡವರು ಎದ್ದು ಇದು ಸುಳ್ಳು ಎಂದರೆ, ಆ ಬ್ಯಾನರಿನ ಕೆಳಗೆ ನಗುತ್ತಿರುವ ಅವಳ ಫೋಟೋ ಇರುತ್ತದೆ, ಮುಂದೆ ಅವಳು ಬಾಳಬೇಕಾದದ್ದೂ ಅದೇ ಜನರ ಮಧ್ಯೆ. ಹತ್ತು ದಿನದ ವೀಸಾ ಮಾಡಿಸಿಕೊಂಡು ಹೊರಟೆ.

ದುಬೈ

ಇಳಿದ ಕೂಡಲೇ ನನ್ನ ಪೆಟ್ಟಿಗೆ ತೆಗೆಸಿದರು. ಬಿಳಿ ನಿಲುವಂಗಿಯ ಅಧಿಕಾರಿ ಚಟ್ನಿಪುಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ತಂದು ಆಳವಾಗಿ ಮೂಸಿದ. ಜೀವಮಾನವೆಲ್ಲ ಬೇರೆಯವರದನ್ನು ಮೂಸಿದವಳಿಗೆ ಅದು ಹೊಸ ಅನುಭವ.

"ಗಸಗಸೆ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಲ್ಲಿ ಗಸಗಸೆ ತರುವುದು ಅಪರಾಧ.

"ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಿಸೆ. ಮುಚ್ಚಳದ ಮೇಲೆ ಬರೆದಿದೆ," ಎಂದೆ. ಎಲ್ಲ ಡಬ್ಬಿಗೂ ಇಂಗ್ಲಿಷ್ ಚೀಟಿ ಅಂಟಿಸಿದ್ದೆ. ಅವನು ಒಂದೊಂದನ್ನೂ ಓದಿ, ಕ್ರಮವಾಗಿ ತಿರುಗಿ ಜೋಡಿಸಿ, ಪೆಟ್ಟಿಗೆಯನ್ನು ನನಗಿಂತ ಚೆನ್ನಾಗಿ ಮುಚ್ಚಿ ಕೊಟ್ಟ. ಇವನನ್ನು ನನ್ನ ವಾರ್ಡಿಗೆ ಹಾಕಿಸಿಕೊಳ್ಳಬಹುದಿತ್ತು ಅನ್ನಿಸಿತು.

ಗಿರಿಜೆ ಹೊರಗೆ ನಿಂತಿದ್ದಳು. ತೆಳ್ಳಗಾಗಿದ್ದಾಳೆ. ಅಪ್ಪಿಕೊಂಡು, "ಅಕ್ಕಾ, ಅಲ್ ಐನ್‌ಗೆ ಹೋಗೂದಕ್ಕ ಮೊದಲ ನಿನಗ ಒಂದು ತೋರಸ್ತೀನಿ. ಇಲ್ಲಂದ್ರ ನೀ ನನ್ನ ತಲೀ ತಿಂತೀ," ಎಂದು ನೇರವಾಗಿ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಅರಬ್ ಗಗನಯಾತ್ರಿಗಳ ಮೇಲಿನ ಪ್ರದರ್ಶನ.

ಒಳಗೆ ತಣ್ಣಗೆ, ಕತ್ತಲೆ. ಮೊದಲ ಫಲಕದಲ್ಲಿ ಒಬ್ಬ ಸೌದಿ ರಾಜಕುಮಾರ, ಎಂಬತ್ತರ ದಶಕದಲ್ಲಿ ಅಮೆರಿಕದ ನೌಕೆಯಲ್ಲಿ ಹೋದವನು, ಅರಬರಲ್ಲಿ ಮೊದಲಿಗ. ಎರಡು ವರ್ಷದ ನಂತರ ರಷ್ಯನರೊಂದಿಗೆ ಹೋದ ಸಿರಿಯಾದ ಪೈಲಟ್. ಆಮೇಲೆ ಬಹಳ ಕಾಲ ಯಾರೂ ಇಲ್ಲ. ಅನಂತರ ಈ ದೇಶದ ಇಬ್ಬರು. ಒಬ್ಬ ಎಂಟು ದಿನ, ಇನ್ನೊಬ್ಬ ಆರು ತಿಂಗಳು. ಸೌದಿಯ ಒಬ್ಬ ಹೆಣ್ಣುಮಗಳೂ ಹೋಗಿ ಬಂದಿದ್ದಾಳೆ. ಅವಳ ಫೋಟೋದ ಮುಂದೆ ಮಾತ್ರ ನಾನು ಅನುಮಾನವಿಲ್ಲದೆ ಸ್ವಲ್ಪ ಹೊತ್ತು ನಿಂತೆ.

ಗಾಜಿನೊಳಗೆ ಒಂದು ಬಿಳಿ ಉಡುಪು ಇತ್ತು.

"ಇದನ್ನೇ ಹಾಕಿಕೊಂಡು ಹೋದದ್ದಾ?" ಎಂದು ಕಪ್ಪು ಅಬಾಯಾ ತೊಟ್ಟ ಮಾರ್ಗದರ್ಶಿ ಹುಡುಗಿಯನ್ನು ಕೇಳಿದೆ.

"ಇಲ್ಲಮ್ಮಾ, ಇದು ಮಾದರಿ. ಕೆಳಗೆ ಬರೆದಿದೆ ನೋಡಿ."

ಬಗ್ಗಿ ನೋಡಿದೆ. ನಿಜ, 'ಮಾದರಿ' ಎಂದೇ ಬರೆದಿತ್ತು. ಆ ದೇಶದ ಮೇಲೆ ನನಗೆ ಮೊದಲ ಸಲ ಒಳ್ಳೆಯ ಭಾವನೆ ಬಂದದ್ದು ಆಗಲೇ.

ಆದರೂ ಬಿಡಲಿಲ್ಲ. ಆರು ತಿಂಗಳು ಮೇಲಿದ್ದವನಿಗೆ ನಡುವೆ ರಂಜಾನ್ ಬಂದಿತ್ತಲ್ಲ, ಉಪವಾಸ ಹೇಗೆ ಹಿಡಿದ ಎಂದು ಕೇಳಿದೆ. ಅಲ್ಲಿ ಸೂರ್ಯ ದಿನಕ್ಕೆ ಹದಿನಾರು ಸಲ ಹುಟ್ಟಿ ಮುಳುಗುತ್ತಾನೆ ಎಂದು ಅವಳೇ ಆಗಷ್ಟೇ ಹೇಳಿದ್ದಳು.

"ಪ್ರಯಾಣಿಕರಿಗೆ ನಮ್ಮಲ್ಲಿ ಉಪವಾಸ ಕಡ್ಡಾಯವಲ್ಲ. ಬಂದ ಮೇಲೆ ಹಿಡಿಯಬಹುದು."

"ಹಾಗಾದರೆ ಏಳುವುದು, ಮಲಗುವುದು?"

"ಸೂರ್ಯನನ್ನು ನೋಡಿ ಅಲ್ಲ, ಗಡಿಯಾರ ನೋಡಿ. ಬೆಳಿಗ್ಗೆ ಆರಕ್ಕೆ ಏಳಬೇಕು. ವ್ಯಾಯಾಮ, ಕೆಲಸ, ಊಟ, ಎಲ್ಲಕ್ಕೂ ಹೊತ್ತು ಗೊತ್ತು ಮಾಡಿರುತ್ತಾರೆ."

"ಗಿರಿಜಿ, ಇದು ಆಸ್ಪತ್ರೀನ," ಎಂದೆ. ಕಿಟಕಿಯ ಹೊರಗೆ ಏನೇ ಆಗಲಿ, ಆರಕ್ಕೆ ಜ್ವರ ನೋಡಬೇಕು, ಏಳಕ್ಕೆ ಹಾಸಿಗೆ ಬದಲಿಸಬೇಕು. ಈ ಗಗನಯಾತ್ರಿಗಳು ನಮ್ಮ ಜಾತಿಯವರೇ.

ಕೊನೆಯ ಫಲಕದಲ್ಲಿ ಬೀಜದ ವಿಷಯವಿತ್ತು. ಮೊದಲು ಹೋದವನು ಗಾಫ್ ಬೀಜಗಳನ್ನು ಒಯ್ದದ್ದು ಸತ್ಯ. ಗಿರಿಜೆ ನನ್ನ ಮುಖ ನೋಡಿದಳು. "ಒಯ್ದದ್ದು ಖರೆ," ಎಂದೆ. "ನಿನ್ನ ಮನ್ಯಾಗ ಇರೂದು ಅದನ ಅಂತ ಇಲ್ಲಿ ಎಲ್ಲಿ ಬರದದ?"

ಅವಳು ಕೈಚೀಲದ ಜಿಪ್ ಎಳೆದು ಮುಚ್ಚಿ ಕಾರಿನ ಕಡೆ ನಡೆದಳು.

ಅಲ್ ಐನ್

ದುಬೈನಿಂದ ಅಲ್ ಐನ್‌ಗೆ ಹೋಗುವ ದಾರಿ ಸರಳರೇಖೆ. ಎರಡೂ ಕಡೆ ಕೆಂಪು ಮರಳು, ಒಂಟೆ ರಸ್ತೆಗೆ ಬಾರದಂತೆ ಬೇಲಿ, ಬೇಲಿಯಾಚೆ ಅಲ್ಲೊಂದು ಇಲ್ಲೊಂದು ಜೋತುಬಿದ್ದ ಕೊಂಬೆಗಳ ಮರ. ಯಾರೂ ಹಾರ್ನ್ ಮಾಡುವುದಿಲ್ಲ. ತಾಂಬರಂ ದಾರಿಯಲ್ಲಿ ಬೆಳೆದ ಕಿವಿಗೆ ಈ ಮೌನವೇ ಶಂಕೆ ತರುತ್ತದೆ. ಊರಿನ ಖರ್ಜೂರದ ಮಾರುಕಟ್ಟೆಯಲ್ಲೂ ಅದೇ. ಕಾಸಿಮೇಡಿನಲ್ಲಿ ಮೀನು ಹರಾಜಾಗುವಾಗ ಬೀದಿಯಾಚೆ ಮೂಗು ಮುಚ್ಚಿಕೊಂಡು ಹೋಗುವ ನನ್ನಂಥವಳಿಗೂ ಅಂದಿನ ದರ ಕೇಳಿಸುತ್ತದೆ. ಇಲ್ಲಿ ವ್ಯಾಪಾರಿಗಳು ಸುಮ್ಮನೆ ಕೂತು, ಕೊಳ್ಳದವರಿಗೂ ಬಾಯಿಗೊಂದು ಹಣ್ಣು ಕೊಡುತ್ತಾರೆ. ತೊಳೆಯದ ಹಣ್ಣು. ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ.

ಮನೆಗೆ ಹೋದ ಮೇಲೆ ಗಿರಿಜೆ ಅಡುಗೆಮನೆಯ ಮೇಲಿನ ಗೂಡಿನಿಂದ ಬಾಟಲಿ ಇಳಿಸಿದಳು. ಅವಳ ಗಂಡ ಔಷಧದಂಗಡಿಯವನು. ಅವನದೇ ಕಂದು ಬಣ್ಣದ ಮಾತ್ರೆ ಬಾಟಲಿ. ಒಳಗೆ ಅಂಗೈ ತುಂಬುವಷ್ಟು ಕಂದು ಬೀಜ. ಹೊರಗೆ ಚೀಟಿ ಇಲ್ಲ.

"ಚೀಟಿ ಎಲ್ಲಿ?"

"ಬೀಜಕ್ಕ ಎಂಥಾ ಚೀಟಿ ಅಕ್ಕಾ? ಮಾತ್ರೆ ಅಂತ ಯಾರೂ ನುಂಗೂದಿಲ್ಲ."

ಮುಚ್ಚಳ ತೆಗೆದು ಮೂಸಿದೆ. ಹಳೆಯ ಕೆಮ್ಮಿನ ಔಷಧದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಗಿರಿಜೆ ಗೋಡೆಯ ಕಡೆ ತಿರುಗಿ, "ಮೂಸು, ಮೂಸು. ಲಗ್ನದಾಗ ಅತ್ತಿ ಮನಿ ಸೀರೀನೂ ಮೂಸಿದ್ದಿ," ಎಂದಳು.

"ಡಾಂಬರು ಗುಳಿಗಿ ವಾಸನಿ ಬರ್ತಿತ್ತು. ಹಳೇ ಸೀರಿ ಕೊಟ್ಟಿದ್ರು."

"ಕೊಟ್ಟಿದ್ರು. ಅದನ್ನ ಮಂಟಪದಾಗ ಹೇಳಬೇಕಿತ್ತೇನು?"

ನಾನು ಅನುಮತಿಯ ವಿಷಯಕ್ಕೆ ಬಂದೆ. ಹೊರದೇಶದ ಬೀಜವನ್ನು ಅನುಮತಿ ಪತ್ರವಿಲ್ಲದೆ ನಮ್ಮ ದೇಶದೊಳಗೆ ತರುವಂತಿಲ್ಲ, ಆದ್ದರಿಂದ ಬೀಜ ನಿಜವೋ ಸುಳ್ಳೋ, ಪತ್ರವಿಲ್ಲದೆ ನಾನು ಒಯ್ಯುವುದಿಲ್ಲ ಎಂದೆ. ಭೂಮಿ ಬಿಟ್ಟು ಹೋಗುವವರು ಜೇಬಿನಲ್ಲಿಟ್ಟುಕೊಂಡು ಹೋದದ್ದು ಮೀನಂಬಾಕ್ಕಂ ದಾಟುವುದಿಲ್ಲ ಎಂದು ಗಿರಿಜೆ ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. ಅವಳ ಮುಖದಲ್ಲಿ ಕಂಡದ್ದು ಬೇಸರವಲ್ಲ, ಬಿಡುಗಡೆಯಂಥದ್ದೇನೋ. ಆಸ್ಪತ್ರೆಯಲ್ಲಿ ಇಂಥ ಮುಖ ನೋಡಿದ್ದೇನೆ. ಪರೀಕ್ಷೆಯನ್ನು ನಾಳೆಗೆ ಮುಂದೂಡಿದೆವು ಎಂದಾಗ ರೋಗಿಗೆ ಆಗುವ ಸಮಾಧಾನ. ನನ್ನ ಶಂಕೆ ಇನ್ನೂ ಗಟ್ಟಿಯಾಯಿತು.

"ನಾಳೆ ಆ ಉಮ್ಮ್ ಸೈಫ್ ಅವರ ಮನಿಗೆ ಹೋಗೂಣು," ಎಂದೆ.

ಬೆಳಿಗ್ಗೆ ಹೊರಡುವಾಗ ಗಿರಿಜೆಯ ಪೂಜೆಯ ಗೂಡಿನಲ್ಲಿದ್ದ ಚಪ್ಪಟೆ ಡಬ್ಬಿ ಕೇಳಿ ತೆಗೆದುಕೊಂಡೆ. ಪ್ರತಿ ದಸರಾದ ಮರುದಿನ ನಮ್ಮ ಮರದ ಒಂದು ಕುಡಿಯನ್ನು ಲಕೋಟೆಯಲ್ಲಿಟ್ಟು ನಾನೇ ಅವಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಅವಳು ಒಂದನ್ನೂ ಎಸೆದಿರಲಿಲ್ಲ. ಒಣಗಿ ಗರಿಗರಿಯಾಗಿ ಮುಳ್ಳುಸಹಿತ ಎಲ್ಲ ಅಲ್ಲಿದ್ದವು. ನಿಜವಾದ ಬನ್ನಿ ಪಕ್ಕದಲ್ಲಿದ್ದರೆ ಸುಳ್ಳು ತಾನಾಗಿ ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ.

ಉಮ್ಮ್ ಸೈಫ್ ಅವರ ಅಂಗಳ

ಉಮ್ಮ್ ಸೈಫ್ ಎಂದರೆ ಸೈಫ್‌ನ ತಾಯಿ. ಹಿರಿಯ ಮಗನ ಹೆಸರಿನಿಂದ ತಾಯಿಯನ್ನು ಕರೆಯುವುದು ಅವರಲ್ಲಿ ಮರ್ಯಾದೆ. ನನ್ನ ವಯಸ್ಸಿಗೆ ಹತ್ತಿರದವರು, ಎತ್ತರ, ಕೋಲಿಲ್ಲದೆ ನೆಟ್ಟಗೆ ನಡೆಯುತ್ತಾರೆ. ಜೀವಶಾಸ್ತ್ರ ಕಲಿಸಿದವರಂತೆ, ಇಂಗ್ಲಿಷ್ ನನ್ನದಕ್ಕಿಂತ ಸ್ವಚ್ಛ.

ಚಿಕ್ಕ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕುಡಿದು ಇಟ್ಟೆ, ತುಂಬಿಸಿದರು. ಮತ್ತೆ ಕುಡಿದೆ, ಮತ್ತೆ ತುಂಬಿಸಿದರು. ಇದೇನೋ ನನ್ನನ್ನು ಮಾತಾಡದಂತೆ ಮಾಡುವ ಉಪಾಯ ಎಂದುಕೊಂಡೆ. ಎದೆ ಡವಡವ ಎನ್ನತೊಡಗಿದಾಗ ಗಿರಿಜೆ ಪಿಸುಗುಟ್ಟಿದಳು: "ಬಟ್ಟಲಾ ಅಲ್ಲಾಡಿಸು ಅಕ್ಕಾ. ಅಲ್ಲಾಡಿಸದಿದ್ರ ಸಾಕು ಅಂತ ಅವರಿಗೆ ಗೊತ್ತಾಗಂಗಿಲ್ಲ." ಅಲ್ಲಾಡಿಸಿದೆ. ಕೂಡಲೇ ನಿಲ್ಲಿಸಿದರು. ಇದನ್ನು ಮೊದಲೇ ಹೇಳಬಾರದಿತ್ತೇ?

ಅವರ ಗಾಫ್ ಮರ ಅಂಗಳದ ಮೂಲೆಯಲ್ಲಿತ್ತು. ನನಗಿಂತ ಒಂದಿಷ್ಟು ಎತ್ತರ. ಸಣ್ಣ ಸಣ್ಣ ಬೂದುಹಸಿರು ಎಲೆ, ಕೆಳಗೆ ಇಳಿಬಿದ್ದ ಕೊಂಬೆ, ಕಾಂಡದ ಮೇಲೆ ಗುಲಾಬಿಗಿರುವಂಥ ಗಿಡ್ಡ ಮುಳ್ಳು. ಒಂದು ಸುತ್ತು ಹಾಕಿ ನೋಡಿದೆ. ಡಬ್ಬಿ ತೆರೆದು ನಮ್ಮ ಕುಡಿ ತೆಗೆದು ಪಕ್ಕಕ್ಕೆ ಹಿಡಿದೆ. ನಮ್ಮದರ ಎಲೆ ಉದ್ದ, ಮುಳ್ಳು ಜೋಡಿಯಾಗಿ ದಬ್ಬಣದಷ್ಟು. ಎರಡಕ್ಕೂ ದಾಯಾದಿಗಳಷ್ಟು ಹೋಲಿಕೆ ಇತ್ತೇ ಹೊರತು ಒಂದೇ ಅಲ್ಲ.

"ಇದು ಬನ್ನಿ ಅಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಬನ್ನಿ ಇದು. ಚೆನ್ನೈನದು. ನಮ್ಮ ಪೂಜೆಯ ಮರದ್ದು."

ಉಮ್ಮ್ ಸೈಫ್ ಕುಡಿಯನ್ನು ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. ಎಲೆಯನ್ನಲ್ಲ, ಮುಳ್ಳನ್ನು.

"ಇದರ ಕಾಯಿ ಹಳದಿ, ದಪ್ಪ, ಬಾಗಿರುತ್ತದೆ. ಆಡುಗಳು ಇಷ್ಟಪಟ್ಟು ತಿನ್ನುತ್ತವೆ. ಕಡಿದರೂ ಚಿಗುರುತ್ತದೆ. ಅಲ್ಲವೇ?"

"ಹೌದು."

"ಇದು ಅಮೆರಿಕದಿಂದ ಬಂದದ್ದು. ನೆಲದ ನೀರನ್ನೆಲ್ಲ ಕುಡಿಯುತ್ತದೆ. ಗಾಫ್ ಇರುವಲ್ಲಿ ಇದು ಬಂದರೆ ನಾವು ಬೇರು ಸಮೇತ ಕೀಳಿಸುತ್ತೇವೆ. ನಿಮ್ಮಲ್ಲಿ ಇದಕ್ಕೆ ಪೂಜೆ ಮಾಡುತ್ತೀರಾ?"

ಗಿರಿಜೆ ಕುಡಿಯನ್ನು ಈಸಿಕೊಂಡು ಬೆಳಕಿಗೆ ಹಿಡಿದಳು. "ಅಕ್ಕಾ," ಎಂದಳು ನಿಧಾನವಾಗಿ, "ಇದು ಬಳ್ಳಾರಿ ಜಾಲಿ. ತಮಿಳರ ಸೀಮೈ ಕರುವೇಲಂ. ಖರೆ ಬನ್ನಿ ಅಂದ್ರ ಈ ಗಾಫ್."

ಚೆನ್ನೈನಿಂದ ಹೊರಬಿದ್ದರೆ ರೈಲು ಹಳಿಯುದ್ದಕ್ಕೂ ಕಾಣುವುದು ಅದೇ. ನಾನು ಜೀವಮಾನವೆಲ್ಲ ಕಿಟಕಿಯಿಂದ ನೋಡಿದ ಗಿಡ. ಸಮಾಜದ ಅಂಗಳದಲ್ಲಿ ಅದರ ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿದ್ದರಿಂದ ನಮಗೆ ಯಾರಿಗೂ ಗುರುತು ಸಿಗಲಿಲ್ಲ. ನೆಟ್ಟವರು ಊರು ನೋಡದ ಪೀಳಿಗೆಯವರು, ಊರು ನೋಡಿದ ಹಿರಿಯರು ಮರ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಕೈ ಮುಗಿದವರು. ಮುಳ್ಳು ಚುಚ್ಚಿದಾಗಲೆಲ್ಲ ನಾನು ಟಿಂಕ್ಚರ್ ಹಚ್ಚಿದೆ, ಮರವನ್ನು ನೋಡಲಿಲ್ಲ.

ಗಿರಿಜೆ ಡಬ್ಬಿಯ ಮುಚ್ಚಳ ಹಾಕಿದಳು. "ನೀ ಕಳಿಸಿದ್ದನ್ನ ನಾ ಒಂದು ವರ್ಷನೂ ಮೂಸಿ ನೋಡಲಿಲ್ಲ ಅಕ್ಕಾ. ಬಂಗಾರ ಅಂದಿ, ಬಂಗಾರ ಅಂತ ಇಟ್ಕೊಂಡೆ."

ಆದರೂ ಬಂದ ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಉಮ್ಮ್ ಸೈಫ್ ಕಡೆ ತಿರುಗಿ ಎರಡನೆಯ ಪ್ರಶ್ನೆ ಕೇಳಿದೆ: "ನೀವು ನನ್ನ ತಂಗಿಗೆ ಕೊಟ್ಟ ಬೀಜ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದಾ?"

ಅವರು ಆಶ್ಚರ್ಯದಿಂದ ನೋಡಿದರು. "ಇಲ್ಲವಲ್ಲ. ಯಾರು ಹೇಳಿದರು? ಇವು ಎಲ್ಲಿಗೂ ಹೋಗಿಲ್ಲ."

ಗಿರಿಜೆ ಕಾಲ ಬೆರಳು ನೋಡುತ್ತ ನಿಂತಳು. ನಾನು ಅನುಮಾನಪಟ್ಟದ್ದು ಸರಿಯೇ, ಪಟ್ಟದ್ದು ಮಾತ್ರ ಬೇರೆಯವರ ಮೇಲೆ.

ಉಮ್ಮ್ ಸೈಫ್‌ಗೆ ಕನ್ನಡ ಬಾರದಿದ್ದರೂ ನಮ್ಮಿಬ್ಬರ ಮುಖ ಓದಲು ಬಂತು. ಜಗಲಿಯ ಮೇಲೆ ಕೂರಿಸಿ ತಾವೇ ಮಾತಾಡಿದರು. ಮೊದಲು ಹೋದ ಆ ಸೌದಿ ರಾಜಕುಮಾರ ಮೇಲೆ ಹಾರಿದ್ದು ರಂಜಾನ್ ತಿಂಗಳಲ್ಲಿ. ಆಗ ಇವರು ಓದುತ್ತಿದ್ದರು. ಇವರ ತಂದೆ ಖರ್ಜೂರದ ತೋಟದವರು, ರೇಡಿಯೋ ಸುದ್ದಿ ಕೇಳಿ ಬಹಳ ಹೊತ್ತು ಯೋಚಿಸಿ, "ಅವನು ಎಲ್ಲಿಗೆ ಹೋಗುತ್ತಿದ್ದಾನೆ?" ಎಂದರಂತೆ. ಎಲ್ಲಿಗೂ ಇಲ್ಲ, ಸುತ್ತುತ್ತಾನೆ ಎಂದು ಮಗಳು ಹೇಳಿದಳು. "ಹೊರಟ ಕಡೆಗೇ ಬರುವವನು ಪ್ರಯಾಣಿಕ ಹೇಗಾಗುತ್ತಾನೆ? ಉಪವಾಸ ತಪ್ಪಿಸಿಕೊಳ್ಳುವ ಹೊಸ ದಾರಿ ಇದು," ಎಂದು ಮುದುಕ ಸಾಯುವವರೆಗೂ ನಂಬಲಿಲ್ಲವಂತೆ.

"ನಿಮ್ಮಂತೆಯೇ," ಎಂದರು ನನ್ನ ಕಡೆ ನೋಡಿ.

"ನನಗೆ ಅವರ ಪ್ರಶ್ನೆ ಸರಿ ಅನ್ನಿಸುತ್ತದೆ," ಎಂದೆ.

ಅವರು ನಕ್ಕರು. "ನಮ್ಮವನೇ ಒಬ್ಬ ಗಾಫ್ ಬೀಜ ತೆಗೆದುಕೊಂಡು ಹೋದ ದಿನ ನನ್ನ ಶಾಲೆಯ ಹುಡುಗಿಯರಿಂದ ಇಲ್ಲಿ ಬೀಜ ಹಾಕಿಸಿದೆ. ಹೋದದ್ದು ವಾಪಸು ಬಂದಾಗ ಪಕ್ಕದಲ್ಲಿಟ್ಟು ನೋಡಲು ಹೋಗದೇ ಇದ್ದದ್ದೂ ಬೇಕಲ್ಲ? ಇಲ್ಲದಿದ್ದರೆ ಹೋದದ್ದರಿಂದ ಏನಾದರೂ ಬದಲಾಯಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಉಳಿದ ಬೀಜ ಗಿರಿಜಾಗೆ ಕೊಟ್ಟೆ. ಅವಳೂ ಎಷ್ಟೋ ವರ್ಷ ಇಲ್ಲೇ ಇದ್ದವಳು."

ಹೊರಡುವಾಗ, "ನನಗೆ ಇಬ್ಬರ ಮೇಲೂ ಸಿಟ್ಟಿಲ್ಲ. ಆ ಮರಕ್ಕೆ ಮಾತ್ರ ಒಂದು ಚೊಂಬು ನೀರು ಹಾಕಿ ಹೋಗಿ. ಸುಳ್ಳು ಅಂದಿರಲ್ಲ," ಎಂದರು. ಹಾಕಿದೆ.

ತಿರುಗಿ ಗಿರಿಜೆಯ ಮನೆ

ಕಾರಿನಲ್ಲಿ ಗಿರಿಜೆ ತಾನಾಗಿ ಬಾಯಿ ಬಿಟ್ಟಳು. ಅಧ್ಯಕ್ಷರು ಫೋನಿನಲ್ಲಿ, ಇಷ್ಟು ವರ್ಷ ಹೊರದೇಶದಲ್ಲಿದ್ದು ಬರುತ್ತಿದ್ದೀರಿ, ಸಮಾಜಕ್ಕೆ ಏನು ತರುತ್ತೀರಿ ಎಂದು ಕೇಳಿದರಂತೆ. "ಬನ್ನಿ ಬೀಜ ಅಂದೆ. ಅಷ್ಟಽನಾ ಅಂದ್ರು. ಅವರು ಅಷ್ಟಽನಾ ಅಂದದ್ದ ತಡ, ನನ್ನ ಬಾಯಾಗಿಂದ ಅದು ಮ್ಯಾಲ ಹೋಗಿ ಬಂತು. ನಿನಗ ಹೇಳೂನು ಅಂದ್ರ ನೀ ಪೊಲೀಸರಗತೆ ಬಂದಿ."

"ಈಗ ಅಧ್ಯಕ್ಷರಿಗೆ ಹೇಳಬೇಕು."

"ಹೇಳಿದ್ರ ದಸರಾಕ್ಕ ನನ್ನ ಮುಖ ನೋಡಿ ಎಲ್ಲಾರೂ ನಗತಾರ. ಅಕ್ಕಾ, ನಾ ಅಲ್ಲೇ ಇರಬೇಕು ಇನ್ನ."

ಮನೆ ಬರುವವರೆಗೂ ಯೋಚಿಸಿದೆ. ವಾರ್ಡಿನಲ್ಲಿ ಒಂದು ಕ್ರಮವಿತ್ತು. ಇಬ್ಬರು ರೋಗಿಗಳು ಒಟ್ಟಿಗೆ ಬಂದರೆ ಹೆಚ್ಚು ರಕ್ತ ಹೋಗುತ್ತಿರುವವರನ್ನು ಮೊದಲು ಒಳಗೆ ಕರೆದುಕೊಳ್ಳಬೇಕು. ಆಗ ಎಲ್ಲರ ಕಣ್ಣೂ ಅಲ್ಲಿರುತ್ತದೆ.

"ಮೊದಲು ನನ್ನ ಸುದ್ದಿ ಹೇಳ್ತೀನಿ," ಎಂದೆ. "ಆಮ್ಯಾಲ ನಿನ್ನದನ್ನ ಯಾರೂ ಕೇಳಂಗಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಗತೊಡಗಿದಳು. ಬಂದ ದಿನದಿಂದ ಮೊದಲ ಸಲ.

ಆ ಸಂಜೆ ಬಾಟಲಿ ತೊಳೆದು ಒರೆಸಿ, ಬೀಜ ಮತ್ತೆ ತುಂಬಿ, ಚೀಟಿ ಅಂಟಿಸಿದೆ: ಬನ್ನಿ ಬೀಜ, ಅಲ್ ಐನ್, ನೆಲದಲ್ಲೇ ಉಳಿದದ್ದು. ಕರವಸ್ತ್ರದಲ್ಲಿದ್ದ ಖರ್ಜೂರವನ್ನೂ ತೊಳೆದು ತಿಂದೆ. ಬಹಳ ಚೆನ್ನಾಗಿತ್ತು.

ಕೀಲ್ಪಾಕ್

ಊರಿಗೆ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಸಮಾಜದ ಅಂಗಳ. ಹಾಜರಿದ್ದವರು ನಾನು, ಅಧ್ಯಕ್ಷರು, ಮತ್ತು ಕಡಿದ ಬುಡದಿಂದ ಆಗಲೇ ಮೊಳಕಾಲೆತ್ತರ ಚಿಗುರಿದ್ದ ಜಾಲಿ.

ಹೇಳಿದೆ. ಅಧ್ಯಕ್ಷರು ಕಟ್ಟೆಯ ಮೇಲೆ ಕೂತೇಬಿಟ್ಟರು.

"ಶಿವನೇ. ಇಷ್ಟು ವರ್ಷ ಕರುವೇಲನ್ನ ಬಂಗಾರ ಅಂತ ಕೊಟ್ವಾ?"

"ಕೊಟ್ವಿ. ತಗೊಂಡ್ವಿ."

"ಸಾಹಿತಿಗಳನ್ನ ಕರಸಿ ಇದರ ಕೆಳಗ ಭಾಷಣ ಮಾಡಿಸೇವ್ರಿ. ಯಾರಿಗೂ ಹೇಳಬ್ಯಾಡ್ರಿ ಸಿಸ್ಟರಮ್ಮಾ, ಮಾನಂ ಪೋಯಿಡುಂ."

"ದಸರಾ ದಿನ ನಾನೇ ಎದ್ದು ಹೇಳ್ತೀನಿ. ಇನ್ನೊಂದು ವಿಷಯ. ಗಿರಿಜೆ ಹತ್ತಿರ ಇರೋ ಬೀಜ ಮೇಲೆ ಹೋದದ್ದಲ್ಲ. ಹೆಚ್ಚಿಗೆ ಹೇಳಿಬಿಟ್ಟೆ ಅಂತ ಅವಳೇ ಒಪ್ಪಿಕೊಂಡಾಳ. ಬ್ಯಾನರ್ ಇಳಸ್ರಿ."

"ಇಳಸ್ತೀನಿ, ಇಳಸ್ತೀನಿ,"  ಎಂದರು ಗಮನವಿಲ್ಲದೆ. "ಕರುವೇಲಂ. ಅಯ್ಯೋ."

ಲೆಕ್ಕ ಸರಿಯಾಗಿತ್ತು. (ಈ ಬರಹವನ್ನು ಗಿರಿಜೆಗೆ ಫೋನಿನಲ್ಲಿ ಪೂರ್ತಿ ಓದಿ, ಅವಳು ಹೂಂ ಎಂದ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇನೆ.)

ಮಧ್ಯಾಹ್ನ ಲೋಕಲ್ ರೈಲು ಹಿಡಿದು ತಾಂಬರಂಗೆ ಹೋದೆ. ಬನ್ನಿಗೆ ತಮಿಳಿನಲ್ಲಿ ವನ್ನಿ; ಅಲ್ಲಿನ ನರ್ಸರಿಯಲ್ಲಿ ಹಾಗೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ತಮಿಳರ ಎಷ್ಟೋ ಶಿವಾಲಯಗಳಲ್ಲಿ ಅದೇ ಮರ. ಸಣ್ಣ ಎಲೆ, ಗಿಡ್ಡ ಮುಳ್ಳು. ಸಸಿಯನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬಂದು, ಜಾಲಿಯ ಬುಡವನ್ನು ಅಗೆಸಿ ಬೇರು ತೆಗೆಸಿ, ಸ್ವಲ್ಪ ಆಚೆಗೆ ಗುಂಡಿ ಮಾಡಿಸಿ ನೆಟ್ಟೆ. ನೀರು ಹಾಕಿದೆ. ಚೀಟಿ ಬರೆದು ಪ್ಲಾಸ್ಟಿಕ್ ಸುತ್ತಿ ಕೋಲಿಗೆ ಕಟ್ಟಿದೆ. ಆಮೇಲೆ ಗಿರಿಜೆಗೆ ಫೋನ್ ಮಾಡಿ ಓದಿ ಹೇಳಿದೆ: "ಬನ್ನಿ. ತಾಂಬರಂ. ಎಲ್ಲಿಗೂ ಹೋಗಿಲ್ಲ."

ಅವಳು ಕೂಡಲೇ ಕೇಳಿದಳು: "ಮೂಸಿ ನೋಡಿದೇನು?"

"ನೋಡಿದೆ."

"ಏನ್ ವಾಸನಿ?"

"ಎಲೀದು," ಎಂದು ಹೇಳಿ, ಫೋನ್ ಇಟ್ಟು, ಕೈ ತೊಳೆದುಕೊಂಡು, ಅವಳು ಬರುವ ಮಹಡಿಯ ಕಿಟಕಿಗಳನ್ನು ತೆರೆದಿಟ್ಟೆ.